ಹೊಗೆಯಲ್ಲಿ ಉಳಿದ ಆಮ್ಲಜನಕ: ಓ-ಟೂ ಸೆನ್ಸರನ್ನು ಎಷ್ಟು ನಂಬಬೇಕು?

ಬೈಕಿನ ಆವರೇಜ್ ಬಿದ್ದರೆ ಮೊದಲೆಲ್ಲ ಮಿಸ್ತ್ರಿ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಿದ್ದ. ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಇಟ್ಟಂಗಿ ಬಣ್ಣಕ್ಕಿದ್ದರೆ ಹದ. ಕಾರ್ಬೊರೇಟರಿನ ಸ್ಕ್ರೂ ಅರ್ಧ ಸುತ್ತು ತಿರುವಿ, ರೇಸ್ ಕೊಟ್ಟು, ಕಿವಿಯಿಂದಲೇ ತೀರ್ಮಾನ ಹೇಳುತ್ತಿದ್ದ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಈ ವಿದ್ಯೆಗೆ ಕೆಲಸ ಕಡಿಮೆಯಾಯಿತು. ಕೆಲವು ಮಾಡೆಲ್‌ಗಳಲ್ಲಿ ಎಲೆಕ್ಟ್ರಾನಿಕ್ ಕಾರ್ಬೊರೇಟರ್ ಉಳಿದುಕೊಂಡರೂ ಬಹುತೇಕ ಹೊಸ ಬೈಕುಗಳಿಗೆ ಇಂಜೆಕ್ಟರ್ ಬಂತು, ಜೊತೆಗೆ ಅದನ್ನು ಆಳುವ ಇಸಿಯು ಎಂಬ ಪುಟ್ಟ ಕಂಪ್ಯೂಟರೂ ಬಂತು. ಈಗ ಬೈಲಹೊಂಗಲದ ಬಸ್ ಸ್ಟ್ಯಾಂಡ್ ಸುತ್ತಲಿನ ಗ್ಯಾರೇಜಾಗಲಿ, ಕಿತ್ತೂರಿನ ಹೈವೇ ಬದಿಯದಾಗಲಿ, ಅಲ್ಲಿ ಕೇಳುವ ಮಾತು ಬೇರೆ: "ಸೆನ್ಸರ್ ಹೋಗ್ಯದ ರೀ, ಹೊಸಾದು ಹಾಕಬೇಕು."

ಹೊಸದು ಹಾಕುತ್ತಾರೆ. ಸಾವಿರಾರು ರೂಪಾಯಿ ಹೋಗುತ್ತದೆ. ಎಷ್ಟೋ ಸಲ ಗಾಡಿ ಮಾತ್ರ ಹಾಗೇ ಇರುತ್ತದೆ. ಏಕೆಂದರೆ ಆ ಸೆನ್ಸರ್ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಸುಟ್ಟು ಹೊರಬಂದ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದೊಂದೇ ಅದಕ್ಕೆ ಗೊತ್ತು. ಮಿಕ್ಕಿದ್ದೆಲ್ಲ ಇಸಿಯು ಹಾಕುವ ಲೆಕ್ಕ. ಹೊಗೆಯೊಳಗೆ ಬೇರೆ ದಾರಿಯಿಂದ ಆಮ್ಲಜನಕ ಸೇರಿಕೊಂಡರೆ ಸೆನ್ಸರ್ ನಿಜವನ್ನೇ ಹೇಳಿರುತ್ತದೆ, ಲೆಕ್ಕ ಮಾತ್ರ ಸುಳ್ಳಾಗುತ್ತದೆ.

ಈ ಸೆನ್ಸರ್ ಇರುವುದು ಎಂಜಿನ್ನಿನಿಂದ ಹೊರಬರುವ ಸೈಲೆನ್ಸರ್ ಪೈಪಿನ ಮೇಲೆ, ಸಾಮಾನ್ಯವಾಗಿ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು. ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯ ತುಂಡು, ಅದರ ಎರಡೂ ಮೈಗೆ ಪ್ಲಾಟಿನಮ್ಮಿನ ತೆಳು ಲೇಪ. ಒಂದು ಮೈಗೆ ಹೊಗೆ ತಾಗುತ್ತದೆ, ಇನ್ನೊಂದು ಮೈಗೆ ಹೊರಗಿನ ಗಾಳಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಪಿಂಗಾಣಿ ಆಮ್ಲಜನಕದ ಅಯಾನುಗಳಿಗೆ ದಾರಿ ಬಿಡುತ್ತದೆ. ಎರಡು ಕಡೆಯ ಆಮ್ಲಜನಕದ ಪ್ರಮಾಣದಲ್ಲಿ ವ್ಯತ್ಯಾಸವಿದ್ದಷ್ಟೂ ವೋಲ್ಟೇಜ್ ಹುಟ್ಟುತ್ತದೆ. ಇದರ ಹಿಂದಿನ ಸೂತ್ರವನ್ನು ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ 1889ರಲ್ಲೇ ಕೊಟ್ಟಿದ್ದ. ಈ ಸೆನ್ಸರ್ ಕಾರಿನ ಸೈಲೆನ್ಸರ್ ಏರಿದ್ದು 1976ರಲ್ಲಿ. ಕ್ಯಾಲಿಫೋರ್ನಿಯಾದ ಕಟ್ಟುನಿಟ್ಟಿನ ಹೊಗೆ ಕಾನೂನಿಗೆ ಹೊಂದಿಸಲು ವೋಲ್ವೋ ಕಂಪನಿ ಬಾಷ್‌ನ ಸೆನ್ಸರನ್ನು ತನ್ನ ಕಾರುಗಳಿಗೆ ಹಾಕಿತು. ನಮ್ಮಲ್ಲಿ ಇದು ಬಾಳುವಂತಾಗಲು ಇನ್ನೊಂದು ಅಡ್ಡಿ ಹೋಗಬೇಕಿತ್ತು. ಪೆಟ್ರೋಲಿಗೆ ಸೇರಿಸುತ್ತಿದ್ದ ಸೀಸ ಪ್ಲಾಟಿನಮ್ಮನ್ನು ಕೊಲ್ಲುತ್ತದೆ. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದು ಆ ಕಾಟ ತಪ್ಪಿತು.

ಈಗ ನಿಖರತೆಯ ಮಾತಿಗೆ ಬರೋಣ. ಗಾಳಿ ಮತ್ತು ಪೆಟ್ರೋಲ್ ಒಂದಕ್ಕೊಂದು ಸರಿಯಾಗಿ ಸವೆದುಹೋಗುವ ಹದಕ್ಕೆ ಲ್ಯಾಂಬ್ಡಾ 1 ಎನ್ನುತ್ತಾರೆ. ಶುದ್ಧ ಪೆಟ್ರೋಲಾದರೆ ಒಂದು ಕಿಲೋಗೆ 14.7 ಕಿಲೋ ಗಾಳಿ. ಗಾಳಿ ಹೆಚ್ಚಾದರೆ ಲೀನ್ (ಲ್ಯಾಂಬ್ಡಾ 1ಕ್ಕಿಂತ ಮೇಲೆ), ಪೆಟ್ರೋಲ್ ಹೆಚ್ಚಾದರೆ ರಿಚ್ (1ಕ್ಕಿಂತ ಕೆಳಗೆ). ಬೈಕುಗಳಲ್ಲಿರುವ ಸಾಮಾನ್ಯ ಸೆನ್ಸರ್ ರಿಚ್ ಇದ್ದಾಗ 0.8ರಿಂದ 0.9 ವೋಲ್ಟ್, ಲೀನ್ ಇದ್ದಾಗ 0.1 ವೋಲ್ಟಿನ ಆಸುಪಾಸು ಕೊಡುತ್ತದೆ. ಲ್ಯಾಂಬ್ಡಾ 1ರ ಹತ್ತಿರ ಒಮ್ಮೆಲೇ ಮೇಲಕ್ಕೋ ಕೆಳಕ್ಕೋ ಹಾರುತ್ತದೆ.

ಹಾರುವ ಆ ಒಂದು ಜಾಗದಲ್ಲಿ ಅದು ಅತ್ಯಂತ ನಿಖರ. ಆಚೀಚೆ ಹೋದರೆ ಎಷ್ಟು ಎಂದು ಅದಕ್ಕೆ ಹೇಳಲು ಬಾರದು. ಕಾರಣ ಸೂತ್ರದಲ್ಲೇ ಇದೆ. ಸೆನ್ಸರ್ 700 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳಿ. ಹೊಗೆಯಲ್ಲಿ ಶೇ 1ರಷ್ಟು ಆಮ್ಲಜನಕ ಉಳಿದರೆ ಸುಮಾರು 64 ಮಿಲಿವೋಲ್ಟ್ ಬರುತ್ತದೆ, ಶೇ 2ರಷ್ಟು ಉಳಿದರೆ ಸುಮಾರು 49. ಅಂದರೆ ಲೀನ್ ದುಪ್ಪಟ್ಟಾದರೂ ವ್ಯತ್ಯಾಸ 15 ಮಿಲಿವೋಲ್ಟ್ ಮಾತ್ರ. ಸೈಲೆನ್ಸರಿನ ಕಾವು ಸ್ವಲ್ಪ ಏರಿಳಿದರೆ, ವೈರಿನ ಜೋಡಣೆ ಸ್ವಲ್ಪ ಕೆಟ್ಟರೆ ಆ ಅಂತರ ಅದರಲ್ಲೇ ಮುಳುಗಿಹೋಗುತ್ತದೆ. ಇಂಥ ಸೆನ್ಸರಿಗೆ ಬಣ್ಣಬಣ್ಣದ ದೀಪಗಳ ಮೀಟರ್ ಕಟ್ಟಿ "ಈಗ 13.8, ಈಗ 15.2" ಎಂದು ತೋರಿಸುವ ಸಾಮಾನು ಆನ್‌ಲೈನಿನಲ್ಲಿ ಸಿಗುತ್ತದೆ. ದುಡ್ಡು ದಂಡ, ಇಷ್ಟೇ ಹೇಳಬಲ್ಲೆ.

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಹಿಂದೆ ತೂಗುತ್ತಿದ್ದ ಎರಡು ಪರಡಿಯ ತಕ್ಕಡಿಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಮುಳ್ಳು ನಡುವೆ ನಿಂತಾಗ ಅದರಷ್ಟು ಸತ್ಯವಂತ ಯಾರಿಲ್ಲ. ಒಂದು ಪರಡಿ ನೆಲಕ್ಕೆ ಕುಂತರೆ ಆ ಕಡೆ ಭಾರವೆಂದು ಗೊತ್ತಾಗುತ್ತದೆ, ಎಷ್ಟು ಭಾರವೆಂದು ಗೊತ್ತಾಗುವುದಿಲ್ಲ. ಇಸಿಯು ಕೂಡ ಅದನ್ನು ಹಾಗೇ ಬಳಸುತ್ತದೆ. ಸೆನ್ಸರ್ ರಿಚ್ ಎಂದರೆ ಪೆಟ್ರೋಲ್ ಒಂದಿಷ್ಟು ಕಡಿಮೆ ಮಾಡುತ್ತದೆ, ಲೀನ್ ಎಂದ ತಕ್ಷಣ ಮತ್ತೆ ಏರಿಸುತ್ತದೆ. ಹೀಗೆ ಸೆಕೆಂಡಿಗೊಮ್ಮೆಯೋ ಇನ್ನೂ ಬೇಗನೆಯೋ ಮುಳ್ಳನ್ನು ಆಚೀಚೆ ತೂಗಾಡಿಸುತ್ತ ಸರಾಸರಿಯನ್ನು ನಡುವೆ ಇಡುತ್ತದೆ. ಇದಕ್ಕೆ ಕ್ಲೋಸ್ಡ್ ಲೂಪ್ ಎನ್ನುತ್ತಾರೆ. ಪದೇಪದೇ ಒಂದೇ ಕಡೆ ಸರಿಪಡಿಸಬೇಕಾಗಿ ಬಂದರೆ ಆ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಸ್ಕ್ಯಾನರ್ ಹಚ್ಚಿದರೆ 'ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್' ಎಂದು ಕಾಣುವುದು ಅದೇ.

ಚಳಿಗಾಲದ ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಹೊತ್ತಿಗೆ, ಅಥವಾ ಪೂರ್ತಿ ಎಕ್ಸಲೇಟರ್ ತಿರುವಿ ಯಲ್ಲಮ್ಮನ ಗುಡ್ಡ ಹತ್ತಿಸುವಾಗ ಈ ಆಟ ನಡೆಯುವುದಿಲ್ಲ. ಮೊದಲನೆಯದರಲ್ಲಿ ಪಿಂಗಾಣಿ ಇನ್ನೂ ಕಾಯ್ದಿರುವುದಿಲ್ಲ. ಎರಡನೆಯದರಲ್ಲಿ ಶಕ್ತಿಗಾಗಿಯೂ ಎಂಜಿನ್ ತಂಪಾಗಿರಲೆಂದೂ ಬೇಕೆಂದೇ ರಿಚ್ ಮಾಡಲಾಗುತ್ತದೆ, ಲ್ಯಾಂಬ್ಡಾ 0.85-0.9ರ ಹತ್ತಿರಕ್ಕೆ. ಅಲ್ಲಿ ಈ ಸೆನ್ಸರ್ ಕುರುಡು. ಇಸಿಯು ಅದನ್ನು ಬದಿಗಿಟ್ಟು ಕಂಪನಿ ಬರೆದಿಟ್ಟ ಕೋಷ್ಟಕವನ್ನೇ ನಂಬುತ್ತದೆ. ಹಾಲು ಹಾಕಲು ಡೇರಿಗೆ ಹೋಗಿ ಐದು ನಿಮಿಷದಲ್ಲಿ ಮನೆಗೆ ಬರುವ ಗಾಡಿಯ ಆವರೇಜ್ ಎಂದೂ ಚೆನ್ನಾಗಿರದೆ ಇರುವುದಕ್ಕೂ ಇದೊಂದು ಕಾರಣ. ಅದು ಕ್ಲೋಸ್ಡ್ ಲೂಪಿಗೆ ಬರುವಷ್ಟರಲ್ಲಿ ಮನೆ ಬಂದಿರುತ್ತದೆ.

ಹಾಗಾದರೆ ಎಂಜಿನ್ ಟ್ಯೂನ್ ಮಾಡುವವರು ಏನು ಬಳಸುತ್ತಾರೆ? ವೈಡ್‌ಬ್ಯಾಂಡ್ ಸೆನ್ಸರ್. 1990ರ ದಶಕದಲ್ಲಿ ಬಂದ ಇದರಲ್ಲಿ ಜಿರ್ಕೋನಿಯಾದ ಇನ್ನೊಂದು ಪದರ ಪಂಪಿನ ಕೆಲಸ ಮಾಡುತ್ತದೆ. ಹೊಗೆ ಒಂದು ಸೂಕ್ಷ್ಮ ಕೋಣೆಗೆ ಬರುತ್ತದೆ. ಆ ಕೋಣೆಯಲ್ಲಿ ಸದಾ ಲ್ಯಾಂಬ್ಡಾ 1 ಇರುವಂತೆ ಕರೆಂಟ್ ಹಾಯಿಸಿ ಆಮ್ಲಜನಕವನ್ನು ಹೊರಕ್ಕೋ ಒಳಕ್ಕೋ ನೂಕಲಾಗುತ್ತದೆ. ತಕ್ಕಡಿಯ ಮುಳ್ಳು ನಡುವೆ ಬರುವ ತನಕ ಕಲ್ಲು ಹಾಕುತ್ತ ಹೋದಂತೆ. ಎಷ್ಟು ಕರೆಂಟ್ ಬೇಕಾಯಿತು ಎಂಬುದರಿಂದ ಹದ ಎಷ್ಟು ತಪ್ಪಿದೆ ಎಂದು ತಿಳಿಯುತ್ತದೆ. ಲ್ಯಾಂಬ್ಡಾ 1ರಲ್ಲಿ ಕರೆಂಟ್ ಸೊನ್ನೆ.

ಹೆಚ್ಚು ಬಳಕೆಯಲ್ಲಿರುವ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಹೊಸದಿದ್ದಾಗ ಕಂಪನಿ ಕೊಡುವ ನಿಖರತೆ ಹೀಗಿದೆ: ಲ್ಯಾಂಬ್ಡಾ 1ರ ಹತ್ತಿರ ±0.007, ರಿಚ್ ಕಡೆ 0.8ರಲ್ಲಿ ±0.01, ಲೀನ್ ಕಡೆ 1.7ರಲ್ಲಿ ±0.05. ಪೆಟ್ರೋಲಿನ ಲೆಕ್ಕದಲ್ಲಿ 0.007 ಎಂದರೆ 14.7ರಲ್ಲಿ ಸುಮಾರು 0.1. ಮೀಟರಿನಲ್ಲಿ ದಶಾಂಶದ ಮುಂದೆ ಎರಡು ಅಂಕಿ ಮಿನುಗಿದರೂ ಎರಡನೆಯದಕ್ಕೆ ಬೆಲೆಯಿಲ್ಲ. 12.8ಕ್ಕೂ 12.9ಕ್ಕೂ ಜಗಳಾಡುವ ಟ್ಯೂನರುಗಳು ಇಲ್ಲದ ವ್ಯತ್ಯಾಸಕ್ಕೆ ಜಗಳಾಡುತ್ತಿರುತ್ತಾರೆ. ಇದೂ ಹೊಸ ಸೆನ್ಸರಿನ ಮಾತು, ಹಳೆಯದಾದಂತೆ ಅಂತರ ಹಿಗ್ಗುತ್ತದೆ. ಒಂದು ಸೂಚನೆ: ಪ್ರತಿ ಸೆನ್ಸರಿಗೂ ಅದರದೇ ಗುಣಕ್ಕೆ ಹೊಂದಿಸಿದ ರೆಸಿಸ್ಟರ್ ಅದರ ಕನೆಕ್ಟರಿನೊಳಗೇ ಇರುತ್ತದೆ. ವೈರ್ ಗಿಡ್ಡವಾಯಿತೆಂದು ಕನೆಕ್ಟರ್ ಕತ್ತರಿಸಿ ಬೇರೆಯದನ್ನು ಜೋಡಿಸಿದರೆ ಆ ಹೊಂದಾಣಿಕೆ ಕತ್ತರಿಸಿದ ತುಂಡಿನ ಜೊತೆಗೇ ಹೋಗುತ್ತದೆ.

ಕೆಲವು ವೈಡ್‌ಬ್ಯಾಂಡ್ ಮೀಟರುಗಳನ್ನು ಹೊರಗಿನ ಗಾಳಿಯಲ್ಲಿ ಹಿಡಿದು ಕ್ಯಾಲಿಬ್ರೇಟ್ ಮಾಡಬೇಕು. ಗಾಳಿಯಲ್ಲಿ ಶೇ 20.9ರಷ್ಟು ಆಮ್ಲಜನಕ ಇದೆ ಎಂದು ಮೀಟರ್ ಭಾವಿಸುತ್ತದೆ. ಅದು ಒಣ ಗಾಳಿಯ ಲೆಕ್ಕ. ಏಪ್ರಿಲಿನ ರಾಮದುರ್ಗದಲ್ಲಿ ಹೆಚ್ಚುಕಡಿಮೆ ಸರಿಹೋಗುತ್ತದೆ. ಮಲೆನಾಡಿನ ಅಂಚಿನ ಕಿತ್ತೂರಿನಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ, 25 ಡಿಗ್ರಿ ಕಾವಿನಲ್ಲಿ, ಗಾಳಿಯ ಶೇ 3ಕ್ಕಿಂತ ಹೆಚ್ಚು ಭಾಗ ನೀರಾವಿಯೇ ಆಗಿರಬಹುದು. ಆಗ ಆಮ್ಲಜನಕ ಶೇ 20.2ರ ಹತ್ತಿರಕ್ಕೆ ಇಳಿಯುತ್ತದೆ. ಮೀಟರಿನ ಅಳತೆಗೋಲೇ ಶೇ 3ರಷ್ಟು ತಪ್ಪಿತು. ಗಾಬರಿ ಬೇಡ, ಲ್ಯಾಂಬ್ಡಾ 1ರಲ್ಲಿ ಕರೆಂಟೇ ಸೊನ್ನೆಯಾದ್ದರಿಂದ ಅಲ್ಲಿ ಈ ತಪ್ಪು ಕಾಣುವುದಿಲ್ಲ. ದೂರ ಹೋದಷ್ಟೂ ಬೆಳೆಯುತ್ತದೆ. ಆದರೂ ಮಳೆ ಬಿಟ್ಟ ದಿನ, ಪೆಟ್ರೋಲ್ ವಾಸನೆ ತುಂಬಿದ ಗ್ಯಾರೇಜಿನಿಂದ ಹೊರಗೆ ಬಂದು ಮಾಡುವುದು ಲೇಸು. ನಮ್ಮ ಬಯಲು ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿದೆಯಲ್ಲ, ಅದರಿಂದ ತೊಂದರೆಯಿಲ್ಲವೇ ಎಂದು ಕೇಳುವವರಿದ್ದಾರೆ. ಬೈಕಿನ ಸಾಮಾನ್ಯ ಸೆನ್ಸರ್ ಒಳಗಿನ ಹೊಗೆಯನ್ನೂ ಹೊರಗಿನ ಗಾಳಿಯನ್ನೂ ಹೋಲಿಸುವುದರಿಂದ ಒತ್ತಡ ಎರಡೂ ಕಡೆ ಒಟ್ಟಿಗೆ ಇಳಿಯುತ್ತದೆ, ಲೆಕ್ಕ ಕೆಡುವುದಿಲ್ಲ. ವೈಡ್‌ಬ್ಯಾಂಡಿಗೆ ಮಾತ್ರ ಸೈಲೆನ್ಸರಿನೊಳಗಿನ ಒತ್ತಡ ತಾಗುತ್ತದೆ. ಟರ್ಬೋ ಕಾರುಗಳಲ್ಲಿ ಟರ್ಬೋದ ಮೊದಲಿಗೆ ಅದನ್ನು ಹಾಕಬೇಡಿ ಎನ್ನುವುದು ಇದಕ್ಕೇ.

ನಮ್ಮ ಈ ಸೀಮೆಗೆ ನಿಜವಾಗಿ ಸಂಬಂಧಪಟ್ಟ ಪ್ರಶ್ನೆ ಎಥೆನಾಲ್. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಅದೇ. ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಸಕ್ಕರೆ ಕಾರ್ಖಾನೆಯಂಥ ಕಡೆ ನಮ್ಮದೇ ಕಬ್ಬು ಎಥೆನಾಲ್ ಆಗುತ್ತದೆ, ಟ್ಯಾಂಕರಿನಲ್ಲಿ ಹೋಗಿ ಪೆಟ್ರೋಲಿಗೆ ಬೆರೆತು ನಮ್ಮದೇ ಬೈಕಿಗೆ ಬರುತ್ತದೆ. ಎಥೆನಾಲಿನ ಅಣುವಿನಲ್ಲೇ ಆಮ್ಲಜನಕ ಇದೆ, ಹಾಗಾಗಿ ಅದಕ್ಕೆ ಗಾಳಿ ಕಡಿಮೆ ಸಾಕು: ಕಿಲೋಗೆ 9 ಕಿಲೋ. ಈ ಲೆಕ್ಕದಲ್ಲಿ ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5.

ಇದರಿಂದ ಎರಡು ಗೊಂದಲ ಹುಟ್ಟುತ್ತವೆ. ವೈಡ್‌ಬ್ಯಾಂಡ್ ಮೀಟರ್ ನಿಜವಾಗಿ ಅಳೆಯುವುದು ಲ್ಯಾಂಬ್ಡಾ, ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ ಅಷ್ಟೇ. ಟ್ಯಾಂಕಿನಲ್ಲಿ ಇ20 ಇದ್ದು ಹದ ಸರಿಯಿದ್ದರೂ ಅದು 14.7 ಎಂದೇ ಹೇಳುತ್ತದೆ. ಅದನ್ನು ನೋಡಿ "ಇ20ಕ್ಕೆ 13.5 ಬೇಕಲ್ಲ" ಎಂದು ಪೆಟ್ರೋಲ್ ಏರಿಸಿದರೆ ಗಾಡಿ ವೃಥಾ ರಿಚ್ ಆಗುತ್ತದೆ. ಮೀಟರನ್ನು ಲ್ಯಾಂಬ್ಡಾಕ್ಕೆ ತಿರುಗಿಸಿಟ್ಟರೆ ಈ ತಲೆನೋವೇ ಇಲ್ಲ.

ಎರಡನೆಯದು ಗ್ಯಾರೇಜಿಗೆ ಹೆಚ್ಚು ಹತ್ತಿರದ್ದು. ಇ10ಕ್ಕೆ ಹೊಂದಿಸಿದ ಬೈಕಿಗೆ ಇ20 ಹಾಕಿದರೆ ಅದೇ ಗಾಳಿಗೆ ಶೇ 4ರಷ್ಟು ಹೆಚ್ಚು ಇಂಧನ ಬೇಕು. ಸೆನ್ಸರ್ ಲೀನ್ ಎನ್ನುತ್ತದೆ, ಇಸಿಯು ಏರಿಸುತ್ತದೆ, ಟ್ರಿಮ್ +4 ಎಂದು ನಿಲ್ಲುತ್ತದೆ. ಸ್ಕ್ಯಾನರಿನಲ್ಲಿ ಇದನ್ನು ಕಂಡು ಸೆನ್ಸರ್ ಕೆಟ್ಟಿದೆ ಎಂದರೆ ತಪ್ಪು. ಸೆನ್ಸರ್ ತನ್ನ ಕೆಲಸ ಮಾಡಿದ್ದಕ್ಕೆ ಅದೇ ಸಾಕ್ಷಿ. ಆವರೇಜ್ ಕೂಡ ಒಂದಿಷ್ಟು ಇಳಿಯುವುದು ಸಹಜ. ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 60 ಕೊಡುತ್ತಿದ್ದ ಗಾಡಿ 58 ಕೊಟ್ಟರೆ ಅದಕ್ಕೆ ಮದ್ದು ಗ್ಯಾರೇಜಿನಲ್ಲಿಲ್ಲ. 45 ಕೊಟ್ಟರೆ ಮಾತ್ರ ಹುಡುಕಬೇಕು. ಹಳೆಯ ಕಾರ್ಬೊರೇಟರ್ ಗಾಡಿಗಳಿಗಂತೂ ಸೆನ್ಸರೂ ಇಲ್ಲ, ಸರಿಪಡಿಸುವವರೂ ಇಲ್ಲ. ಅವು ಇ20ರಲ್ಲಿ ಸುಮ್ಮನೆ ಲೀನ್ ಓಡುತ್ತವೆ. ಅಲ್ಲಿ ಪ್ಲಗ್ಗಿನ ಬಣ್ಣ ನೋಡುವ ಹಳೇ ಮಿಸ್ತ್ರಿಗೇ ಇನ್ನೂ ಬೆಲೆ.

ಹುಡುಕುವುದಾದರೆ ಎಲ್ಲಿಂದ? ಸೆನ್ಸರಿನಿಂದಲ್ಲ, ಸೈಲೆನ್ಸರಿನ ಗ್ಯಾಸ್ಕೆಟ್ಟಿನಿಂದ. ಒಂದೇ ಸಿಲಿಂಡರಿನ ಬೈಕಿನಲ್ಲಿ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ತುಂಡುತುಂಡಾಗಿ ನುಗ್ಗುತ್ತದೆ. ಎರಡು ನುಗ್ಗುಗಳ ನಡುವೆ ಪೈಪಿನಲ್ಲಿ ಒತ್ತಡ ಹೊರಗಿಗಿಂತ ಕಡಿಮೆಯಾಗುವ ಕ್ಷಣವೊಂದಿದೆ. ಗ್ಯಾಸ್ಕೆಟ್ ಸೀಳಿದ್ದರೆ, ಬೋಲ್ಟ್ ಸಡಿಲಿದ್ದರೆ, ಜೋರು ಸದ್ದಿನ ಸೈಲೆನ್ಸರನ್ನು ಅರೆಬರೆ ವೆಲ್ಡಿಂಗ್ ಮಾಡಿ ಕೂರಿಸಿದ್ದರೆ, ಆ ಕ್ಷಣದಲ್ಲಿ ಪೈಪು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಗೆಗೆ ಶೇ 5ರಷ್ಟು ಗಾಳಿ ಸೇರಿದರೂ ಸೆನ್ಸರಿಗೆ ಲ್ಯಾಂಬ್ಡಾ 1.05ರಂತೆ ಕಾಣುತ್ತದೆ, ಇಸಿಯು ಶೇ 5ರಷ್ಟು ಪೆಟ್ರೋಲನ್ನು ದಂಡಕ್ಕೆ ಸುರಿಯುತ್ತದೆ. ಹೊಸ ಸೆನ್ಸರ್ ಹಾಕಿದರೂ ಅದೇ ಗತಿ.

ಇಲ್ಲೊಂದು ತಮಾಷೆ ಇದೆ. ಸೋರಿಕೆ ಸೆನ್ಸರಿಗಿಂತ ಮೊದಲೇ ಇದ್ದರೆ ಗಾಡಿ ಪಿಯುಸಿ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗಬಹುದು. ಹೊರಗಿನಿಂದ ಬಂದ ಗಾಳಿ, ಹೆಚ್ಚಾಗಿ ಸುರಿದ ಪೆಟ್ರೋಲ್ ಎರಡೂ ಕಾಯ್ದ ಕನ್ವರ್ಟರಿನಲ್ಲಿ ಸೇರಿ ಸುಟ್ಟು ತುದಿಯಲ್ಲಿ ಶುದ್ಧ ಹೊಗೆ ಬರುತ್ತದೆ. ಬಿಎಸ್-4, ಬಿಎಸ್-6 ಪೆಟ್ರೋಲ್ ಕಾರುಗಳಿಗೆ ಪಿಯುಸಿಯಲ್ಲಿ ಸುಮಾರು 2500 ಆರ್‌ಪಿಎಮ್‌ನಲ್ಲಿ ಲ್ಯಾಂಬ್ಡಾ 0.97ರಿಂದ 1.03ರ ನಡುವೆ ಇರಬೇಕೆಂಬ ನಿಯಮವಿದೆ. ಇಂಥ ಸೋರಿಕೆಯ ಗಾಡಿ ಅದನ್ನೂ ದಾಟೀತು. ಪಿಯುಸಿ ಚೀಟಿ ಹೊಗೆಯ ಸಾಕ್ಷಿ, ಆವರೇಜಿನದಲ್ಲ.

ಎರಡನೇ ಕಳ್ಳ ಪ್ಲಗ್. ಪ್ಲಗ್ ಆಗಾಗ ಕಿಡಿ ತಪ್ಪಿಸಿದರೆ ಸುಡದ ಗಾಳಿಯೂ ಸುಡದ ಪೆಟ್ರೋಲೂ ಒಟ್ಟಿಗೆ ಹೊರಬರುತ್ತವೆ. ಸೆನ್ಸರಿನ ಕಣ್ಣಿಗೆ ಮುಖ್ಯವಾಗಿ ಬೀಳುವುದು ಆಮ್ಲಜನಕ. ಹಾಗಾಗಿ ಲೀನ್ ಎಂದು ಕೂಗುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಕೊಡುತ್ತದೆ. ಸೆನ್ಸರ್ ಲೀನ್ ಎನ್ನುತ್ತಿದೆ, ಪ್ಲಗ್ ಮಾತ್ರ ಕಪ್ಪಗೆ ಹಸಿಯಾಗಿದೆ ಎಂದರೆ ಮೊದಲು ಈ ಅನುಮಾನ ಬರಬೇಕು.

ಸೆನ್ಸರ್ ನಿಜವಾಗಿಯೂ ಸಾಯುವುದುಂಟು. ಎಂಜಿನ್ ಆಯಿಲ್ ಸುಡುವ ಗಾಡಿಯಲ್ಲಿ ಅದರ ರಂಜಕ, ಸತುವಿನ ಬೂದಿ ಮೇಲೆ ಕೂರುತ್ತದೆ. ಬಹಳ ಕಾಲ ರಿಚ್ ಓಡಿದರೆ ಮಸಿ ಮುಚ್ಚುತ್ತದೆ. ಮಸಿಯನ್ನು ಹೈವೇಯಲ್ಲಿ ಒಂದು ಬಿಸಿ ಓಟ ಕೆಲವೊಮ್ಮೆ ಸುಟ್ಟುಹಾಕೀತು, ಬೂದಿಯನ್ನು ಯಾವುದೂ ತೆಗೆಯದು. ಗ್ಯಾಸ್ಕೆಟ್ ಕೂರಿಸಲು ಬಳಿಯುವ ಅಗ್ಗದ ಸಿಲಿಕೋನ್ ಅಂಟಿನ ಆವಿ ಸೆನ್ಸರಿಗೆ ವಿಷ. ಕಾಯ್ದ ಪಿಂಗಾಣಿಗೆ ನೀರು ತಾಗಿದರೆ ಬಿರುಕು ಬಿಡುತ್ತದೆ, ಕೈಜಾರಿ ಫರಸಿ ಮೇಲೆ ಬಿದ್ದರೂ ಅಷ್ಟೆ, ಹೊರಗೆ ಏನೂ ಕಾಣುವುದಿಲ್ಲ. ತುದಿಯನ್ನು ಪೆಟ್ರೋಲಿನಲ್ಲಿ ತೊಳೆದು ತಂತಿ ಬ್ರಷ್ಷಿನಿಂದ ಉಜ್ಜುವ ಪದ್ಧತಿ ನಿಲ್ಲಬೇಕು. ಅನೇಕ ಸೆನ್ಸರುಗಳು ಹೋಲಿಕೆಯ ಗಾಳಿಯನ್ನು ಎಳೆದುಕೊಳ್ಳುವುದು ವೈರಿನ ಎಳೆಗಳ ಸಂದಿಯಿಂದಲೇ. ಆ ಕನೆಕ್ಟರಿಗೆ ಗ್ರೀಸ್ ತುಂಬಿದರೆ ಉಸಿರು ಕಟ್ಟಿ ಓದು ಕೆಡುತ್ತದೆ.

ಪರೀಕ್ಷೆ ಕಷ್ಟವಲ್ಲ. ಗಾಡಿ ಹತ್ತು ನಿಮಿಷ ಓಡಿಸಿ ಕಾಯಿಸಿ, ಡಿಜಿಟಲ್ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಸಿಗ್ನಲ್ ವೈರಿಗೆ ಹಚ್ಚಿ. ಬಲ್ಬ್ ಹಚ್ಚಿ ನೋಡುವುದು ಬೇಡ, ಆ ವೈರಿನಲ್ಲಿ ಓಮ್ಸ್ ಅಳೆಯುವುದಂತೂ ಬೇಡವೇ ಬೇಡ. ಮೀಟರಿನ ಕರೆಂಟೇ ಸೆನ್ಸರನ್ನು ಕೆಡಿಸಬಹುದು. ರೇಸ್ ಹಿಡಿದಾಗ ಅಂಕಿ 0.1 ಮತ್ತು 0.9ರ ನಡುವೆ ಓಡಾಡುತ್ತಿರಬೇಕು. ಒಮ್ಮೆಲೇ ಎಕ್ಸಲೇಟರ್ ತಿರುವಿದರೆ ಮೇಲೇರಬೇಕು, ಬಿಟ್ಟರೆ ಕೆಳಗೆ ಬೀಳಬೇಕು. ಹಾಗೆ ಕುಣಿಯುತ್ತಿದ್ದರೆ ಸೆನ್ಸರ್ ಬದುಕಿದೆ. 0.45ರಲ್ಲೇ ಕದಲದೆ ನಿಂತರೆ ಸತ್ತಿದೆ, ಇಲ್ಲವೇ ಕಾಯ್ದಿಲ್ಲ, ಇಲ್ಲವೇ ವೈರ್ ತುಂಡಾಗಿದೆ. ಕೆಳಗೇ ಅಂಟಿಕೊಂಡಿದ್ದರೆ ಸೋರಿಕೆ ಹುಡುಕಿ. ಕುಣಿತ ಇದೆ, ಆದರೆ ನಿಧಾನ ಎಂಬುದು ಮುಪ್ಪು. ಅದನ್ನು ಮಲ್ಟಿಮೀಟರ್ ಹಿಡಿಯಲಾರದು, ಆಸಿಲೋಸ್ಕೋಪ್ ಬೇಕು. ಮೊದಮೊದಲ ಬಿಎಸ್-6 ಬೈಕುಗಳ ಚೆಕ್ ಲೈಟ್ ಮುಖ್ಯವಾಗಿ ವೈರಿಂಗ್ ಕಡಿತ, ಶಾರ್ಟ್‌ಗಳನ್ನು ಕಾಣುತ್ತದೆ. ಸೆನ್ಸರ್ ಮುದಿಯಾದದ್ದನ್ನೂ ಗುರುತಿಸಬೇಕೆಂಬ ನಿಯಮ ಬೈಕುಗಳಿಗೆ ಬಂದದ್ದು ಆಮೇಲೆ. ಹಾಗಾಗಿ ಲೈಟ್ ಹೊತ್ತಿಲ್ಲ ಎಂದ ಮಾತ್ರಕ್ಕೆ ಹಳೇ ಗಾಡಿಯ ಸೆನ್ಸರ್ ಚೊಕ್ಕ ಎನ್ನಲಾಗದು.

ಬದಲಿಸಲೇಬೇಕಾದರೆ ಎಂಜಿನ್ ಉಗುರುಬೆಚ್ಚಗಿರುವಾಗ ಬಿಚ್ಚಿ, ಥ್ರೆಡ್ಡಿಗೆ ಮಾತ್ರ ಕಾವು ತಾಳುವ ಪೇಸ್ಟ್ ಹಚ್ಚಿ, ತುದಿಗೆ ತಾಗಿಸಬೇಡಿ. ಬಳಿಕ ಇಸಿಯು ಹಳೆಯ ಸೆನ್ಸರಿನ ಮೇಲೆ ಕಲಿತಿಟ್ಟ ಟ್ರಿಮ್ಮನ್ನು ಸ್ಕ್ಯಾನರಿನಿಂದ ಅಳಿಸಿಸಿ. ಇಲ್ಲವಾದರೆ ಹೊಸ ಸೆನ್ಸರ್ ಹಳೆಯ ತಪ್ಪು ಲೆಕ್ಕದ ಮೇಲೆಯೇ ಕೆಲಸ ಶುರುಮಾಡುತ್ತದೆ. ಆವರೇಜ್ ಬಂತೋ ಇಲ್ಲವೋ ಎಂಬುದನ್ನು ಪೂರ್ತಿ ಒಂದು ಟ್ಯಾಂಕ್ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ ನೋಡಿ.